ಹಳೆಯ ತೂತಿನಲ್ಲೇ ಸೂಜಿ

ಸೀಟಿನ ಕೆಲಸಕ್ಕೆ ಬರುವ ಹುಡುಗಿಯರಿಗೆ ಮೊದಲೇ ಹೇಳಿಬಿಡುತ್ತೇನೆ. ಬೆರಳು ಹಾಳಾಗುತ್ತವೆ. ದಬ್ಬಣ ಚುಚ್ಚಿ ಚುಚ್ಚಿ ತುದಿ ಕಲ್ಲಾಗುತ್ತದೆ, ಹಂಚಿನ ಮೇಲಿನ ರೊಟ್ಟಿ ಹಿಡಿದರೂ ಸುಡುವುದು ಗೊತ್ತಾಗುವುದಿಲ್ಲ. ಸೊಂಟ ಹಿಡಿಯುತ್ತದೆ. ಕಂಡವರೆಲ್ಲ ಕೂತು ಹೊಲಸು ಮಾಡಿದ ಸೀಟಿನ ಹೊಟ್ಟೆಯೊಳಗೆ ಕೈ ಹಾಕಬೇಕು. ಅಲ್ಲಿ ಬೀಡಿ ತುಂಡು, ಶೇಂಗಾ ಸಿಪ್ಪೆ, ಕೂಸುಗಳು ಉಚ್ಚೆ ಹೊಯ್ದ ವಾಸನೆ, ಒಮ್ಮೊಮ್ಮೆ ಕಣ್ಣು ಬಿಡದ ಇಲಿಮರಿ ಸಿಗುತ್ತವೆ. ಇದೆಲ್ಲ ನಮ್ಮಿಂದಾಗದು ಎನ್ನುವವರು ಜಂಪರು ಹೊಲಿಯಿರಿ. ಅದೂ ಒಳ್ಳೆಯ ಕೆಲಸವೇ.

ಹಳಿಯಾಳದ ಹೊಲಿಗೆ ಕ್ಲಾಸಿನ ಟೀಚರು ಬಂದು, ಗಂಗವ್ವ, ನಿಮ್ಮ ಕೆಲಸದ ಬಗ್ಗೆ ಬರೆದುಕೊಡಿ, ಹುಡುಗಿಯರು ಓದಲಿ ಎಂದರು. ನಾನು ಶಾಲೆ ಬಿಟ್ಟಿದ್ದು ಮಗ್ಗಿ ಮುಗಿಯುವ ಮೊದಲು. ತಪ್ಪಿದ ಅಕ್ಷರವನ್ನು ಟೀಚರು ತಿದ್ದಿದ್ದಾರೆ. ಮಾತು ನನ್ನದೇ.

ನಾನು ಈ ಕೆಲಸಕ್ಕೆ ಬಂದದ್ದು ಕೌದಿಯಿಂದ. ನನ್ನ ಗಂಡ ದಾಂಡೇಲಿಯಲ್ಲಿ ಬಿದಿರು ಹೇರುವ ಲಾರಿ ಹೊಡೆಯುತ್ತಿದ್ದ. ಸೀಟು ಹರಿದು ಸ್ಪ್ರಿಂಗು ಚುಚ್ಚುತ್ತದೆ ಎಂದು ದಿನಾ ಗೊಣಗುತ್ತಿದ್ದ. ಕೇಳಿ ಕೇಳಿ ಬೇಸತ್ತು ಒಂದು ದಿನ ನಾನೇ ಲಾರಿ ಹತ್ತಿದೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ನಮ್ಮ ಕಡೆ ಕೌದಿ ಹೊಲಿಯುವ ಹಾಗೆ ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸಿದೆ. ಗಂಡ ಸುಮ್ಮನಾದ. ನನಗೆ ಅಷ್ಟೇ ಬೇಕಿತ್ತು.

ಲಾರಿ ಸ್ಟ್ಯಾಂಡಿನ ಪಕ್ಕದಲ್ಲಿ ಇಮಾಮಸಾಬರ ಸೀಟಿನ ಅಂಗಡಿ ಇತ್ತು. ಎಲ್ಲರೂ ಅವರಿಗೆ ಉಸ್ತಾದ ಎನ್ನುತ್ತಿದ್ದರು. ಅವರು ನನ್ನ ಗಂಡನ ಲಾರಿಯೊಳಗೆ ಇಣುಕಿ ನೋಡಿದರಂತೆ.

“ಯಾರು ಹೊಲದಾರಪಾ ಇದನ್ನ?”

“ನಮ್ಮ ಮನಿಯಾಕಿರಿ.”

“ಕೈ ಚಲೋ ಐತಿ, ಅಕಲ್ ಇಲ್ಲ. ಮುರದ ಸ್ಪ್ರಿಂಗ್ ಹಂಗ ಬಿಟ್ಟು ಮ್ಯಾಲ ಹಾಸಿಗಿ ಹಾಸ್ಯಾಳ. ಕರಕೊಂಡ ಬಾ ಅಕೀನ್ನ.”

ಬೈಯಲಿಕ್ಕೆ ಕರೆದಿದ್ದಾರೆ ಎಂದುಕೊಂಡು, ತಿರುಗಿ ಬೈಯಲು ತಯಾರಾಗಿಯೇ ಹೋದೆ. ಅವರು ಒಂದು ಹರಿದ ಸೀಟನ್ನು ನನ್ನ ಮುಂದೆ ಎಸೆದು, “ಬಿಚ್ಚು” ಅಂದರು. ಹೊಲಿ ಅನ್ನಲಿಲ್ಲ. ಮೊದಲ ವರ್ಷವಿಡೀ ನಾನು ಬಿಚ್ಚಿದ್ದೇ ಹೆಚ್ಚು. ಯಾವ ದಾರ ಯಾವ ತೂತಿನಿಂದ ಬಂದಿದೆ, ಒಳಗೆ ತುಂಬಿದ ನಾರು ಎಲ್ಲಿ ದಪ್ಪ ಎಲ್ಲಿ ತೆಳು, ಮೊದಲು ಹೊಲಿದವನು ಎಲ್ಲಿ ಅವಸರ ಮಾಡಿದ, ಎಲ್ಲ ನೋಡಿ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲು ಬಾರದಿದ್ದರೆ ಆ ಸೀಟು ಮುಟ್ಟುವ ಹಾಗಿಲ್ಲ.

ಹೆಂಗಸನ್ನು ತಂದು ರಸ್ತೆಗೆ ಮುಖ ಮಾಡಿ ಮಶೀನಿಗೆ ಕೂಡ್ರಿಸಿದ್ದಾರೆ ಎಂದು ಸ್ಟ್ಯಾಂಡಿನಲ್ಲಿ ಮಾತಾಯಿತು. ಒಬ್ಬ ಡ್ರೈವರ್ ಕೇಳಿಯೇ ಬಿಟ್ಟ. ಉಸ್ತಾದರು ತಲೆ ಎತ್ತದೆ, “ನಿನ್ನ ಸೀಟ್ ಹೊಲಿಯಾಕಿ ಅಕೀನ. ಬ್ಯಾಡ ಅಂದ್ರ ನಿಂತ ಲಾರಿ ಹೊಡಿ” ಅಂದರು. ಆಮೇಲೆ ಯಾರೂ ಕೇಳಲಿಲ್ಲ.

ನಾನು ಮೊದಲ ಸಲ ಒಂದು ಪೂರ್ತಿ ಸೀಟು ಮಾಡಿದ ದಿನದ್ದು ಹೇಳಬೇಕು. ನಮ್ಮಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡುತ್ತೇವೆ. ಹೊದೆಯುವ ಕೌದಿ ಹಸಿದಿರಬಾರದು ಅಂತ. ಅದೇ ರೂಢಿಯಲ್ಲಿ ಸೀಟಿನ ಮೂಲೆಗೂ ಒಂದು ಚೂರು ತುರುಕಿದೆ. ಉಸ್ತಾದರು ನೋಡಿಬಿಟ್ಟರು.

“ಏನದು?”

“ರೊಟ್ಟಿರಿ. ಹೊಲದದ್ದು ಹಸದಿರಬಾರದಂತ.”

ಅವರು ಅದನ್ನು ಹೊರತೆಗೆದು, ನಾರು ಜಾಡಿಸಿ, ಬಾಯಿಗೆ ಹಾಕಿಕೊಂಡರು. “ಸೀಟಿಗಿಂತ ಮೊದಲ ಉಸ್ತಾದ ಹಸದಾನ. ಇಲಿ ಬಂದ್ರ ನಿನ್ನ ರೊಟ್ಟಿ ಅಷ್ಟ ತಿಂದ ಹೋಗತೈತೇನು? ಸೀಟೂ ತಿಂತೈತಿ.”

ಮಾತು ಖರೆ ಇತ್ತು. ಅವತ್ತಿನಿಂದ ಕೌದಿಗೆ ಮಾತ್ರ ರೊಟ್ಟಿ, ಸೀಟಿಗಿಲ್ಲ.

ಅವರದ್ದು ಇನ್ನೊಂದು ಕಾಯಿದೆ ಇತ್ತು. ಹೊಲಿದವರು ಆ ಸೀಟಿನಲ್ಲಿ ಕೂತು ಒಂದಿಷ್ಟು ದೂರ ಹೋಗಿ ಬರಬೇಕು. ಬಿದಿರು ಲಾರಿ, ಕಬ್ಬಿನ ಟ್ರ್ಯಾಕ್ಟರ್, ಜೀಪು, ಟೆಂಪೊ, ಎಲ್ಲದರಲ್ಲೂ ಕೂತಿದ್ದೇನೆ. ಹಳಿಯಾಳ ರಸ್ತೆಯಲ್ಲಿ ನಾನು ಕೂತು ಹೋಗದ ಗಾಡಿ ಆಗ ಕಡಿಮೆ. ಕೂತಾಗ ನಿಮ್ಮ ಕುಂಡೆ ಹೇಳುವುದನ್ನು ಕಣ್ಣು ಹೇಳುವುದಿಲ್ಲ. ಟೀಚರು ಈ ಮಾತು ತೆಗೆಯೋಣ ಎಂದರು. ನಾನು ಬೇಡ ಎಂದೆ.

ಹಾಗಂತ ಉಸ್ತಾದರು ಎಡವಲಿಲ್ಲ ಅಂತಲ್ಲ. ಒಂದು ಮಳೆಗಾಲ ಜೊಯಿಡಾದ ಗುತ್ತಿಗೆದಾರನೊಬ್ಬ ಜೀಪು ತಂದು, ಸಂಜೆಯೊಳಗೆ ಬೇಕು ಎಂದು ಕೂತ. ಆಗೆಲ್ಲ ಸೀಟಿಗೆ ತುಂಬುತ್ತಿದ್ದದ್ದು ತೆಂಗಿನ ನಾರು. ನಾರು ಹಸಿ ಇತ್ತು. ನಾನು ಹೇಳಿದೆ, ಹಸಿ ಐತ್ರಿ ಉಸ್ತಾದ. ಅವರು, ಕುಂತವರ ಬಿಸಿಗೆ ಆರತೈತಿ, ತುಂಬು ಎಂದರು. ತುಂಬಿದೆವು. ಜೊಯಿಡಾದ ಮಳೆ ನಿಮಗೆ ಗೊತ್ತು. ಕೆಲ ದಿನಕ್ಕೆ ಆತ ಬಂದು ಜೀಪಿನ ಬಾಗಿಲು ತೆಗೆದು ತೋರಿಸಿದ. ಹಿಂದಿನ ಸೀಟಿನ ಹೊಲಿಗೆಯ ಸಂದಿನಿಂದ ಸಾಲಾಗಿ ಬಿಳಿ ಅಣಬೆ ಎದ್ದಿದ್ದವು. ಉಸ್ತಾದರು ಬಹಳ ಹೊತ್ತು ನೋಡಿ, “ಇವು ತಿನ್ನೂ ಜಾತೀವಲ್ಲ” ಅಂದರು. ಆತ ನಕ್ಕುಬಿಟ್ಟ, ನಾವು ಪಾರಾದೆವು. ಸೀಟು ಪೂರ್ತಿ ಬಿಚ್ಚಿ ಹೊಸದಾಗಿ ಮಾಡಿಕೊಟ್ಟೆವು. ಆಮೇಲೆ ಮಳೆಗಾಲದಲ್ಲಿ ನಾರನ್ನು ಅಂಗಡಿಯ ಒಲೆಯ ಮೇಲೆ ಜಂತಿಗೆ ಕಟ್ಟುವ ಪದ್ಧತಿ ಬಂತು.

ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಿಂದ ಒಂದು ಸಣ್ಣ ಬಸ್ಸು ಬಂದಿತ್ತು. ಕೆಂಪು ಬಟ್ಟೆಯ ಗುರುಗಳು ಇಬ್ಬರು ಬಂದಿದ್ದರು. ಸೀಟು ಅಗಲ ಮಾಡಿರಿ, ಎತ್ತರ ತಗ್ಗಿಸಿರಿ ಎಂದರು. ಯಾಕೆ ಎಂದು ತಿಳಿಯಲಿಲ್ಲ. ಒಬ್ಬರು ಅಂಗಡಿಯ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತೋರಿಸಿದರು. ಅವರಿಗೆ ಬಸ್ಸಿನಲ್ಲೂ ಹಾಗೆಯೇ ಕೂತು ರೂಢಿ. ಮಾಡಿಕೊಟ್ಟೆ. ಯಾರು ಹೇಗೆ ಕೂಡುತ್ತಾರೆ ಎಂದು ಕೇಳದೆ ಕತ್ತರಿ ಹಿಡಿಯಬಾರದು ಎಂದು ಅವರಿಂದ ಕಲಿತೆ.

ನಾರು ಹೋಗಿ ಫೋಮ್ ಬಂತು. ಬಟ್ಟೆ ಹೋಗಿ ರೆಕ್ಸಿನ್ ಬಂತು. ದಬ್ಬಣದ ಜಾಗದಲ್ಲಿ ಗಾಳಿಯ ಒತ್ತಡದಿಂದ ಪಿನ್ನು ಹೊಡೆಯುವ ಯಂತ್ರ ಬಂತು. ಉಸ್ತಾದರು ತೀರಿಕೊಂಡ ಮೇಲೆ ನಾನು ಹಳಿಯಾಳಕ್ಕೆ ಬಂದು ಸ್ವಂತ ಅಂಗಡಿ ಇಟ್ಟೆ. ಈಚೆಗೆ ದಾಂಡೇಲಿಯ ಹೊಳೆಗೆ ದೋಣಿ ಆಡಲು ಬರುವವರು ಒದ್ದೆ ಚಡ್ಡಿಯಲ್ಲೇ ಜೀಪಿನಲ್ಲಿ ಕೂಡುವುದರಿಂದ ನೀರು ಹೋಗದ ಕವರೇ ಹೆಚ್ಚು ಹೊಲಿದೆ. ಹಳೆಯದು ಚೆಂದ ಇತ್ತು ಎಂದು ನಾನು ಅಳುವುದಿಲ್ಲ. ಫೋಮಿನಲ್ಲಿ ಅಣಬೆ ಏಳುವುದಿಲ್ಲ.

ಆದರೆ ಕಲಿತ ಹಳೆಯ ಕೆಲಸ ಎಲ್ಲ ಒಟ್ಟಿಗೆ ಬೇಕಾದದ್ದು ಒಂದೇ ಒಂದು ಸಲ, ನಾನು ಕೆಲಸ ಬಿಟ್ಟು ಅಂಗಡಿ ಮುಚ್ಚುವುದಕ್ಕೆ ಸ್ವಲ್ಪ ಮೊದಲು. ಅದನ್ನು ಬಿಡಿಸಿ ಹೇಳುತ್ತೇನೆ.

ಹಳಿಯಾಳದ ಹಳೆಯ ಸಾಹುಕಾರರ ಮೊಮ್ಮಗ ಮಲ್ಲಿಕಾರ್ಜುನ ಬಂದ. ನಲವತ್ತರ ಆಸುಪಾಸಿನ ಮನುಷ್ಯ, ಎಣ್ಣೆಗಾಣ ನಡೆಸುತ್ತಾನೆ. ಅವನ ಅಜ್ಜ ಕ್ಯಾಸಲ್‌ರಾಕ್ ಕಡೆ ಮರದ ವ್ಯಾಪಾರ ಮಾಡುತ್ತಿದ್ದಾಗ, ಊರಿಗೆ ಹೊರಟ ಬಿಳಿ ಸಾಹೇಬನೊಬ್ಬನಿಂದ ಒಂದು ಕಾರು ತೆಗೆದುಕೊಂಡಿದ್ದರು. ನೆಲಕ್ಕೆ ಹತ್ತಿದಷ್ಟು ತಗ್ಗು, ಮಡಚುವ ಬಟ್ಟೆಯ ಛಾವಣಿ, ಎರಡೇ ಸೀಟು. ರೇಸಿಗೆ ಓಡಿಸುವ ಜಾತಿಯದು. ಅಜ್ಜ ಸತ್ತ ಮೇಲೆ ಕಣಜದ ಪಕ್ಕದ ಶೆಡ್ಡಿನಲ್ಲಿ ಧೂಳು ತಿನ್ನುತ್ತ ನಿಂತಿತ್ತು. ಮಲ್ಲಿಕಾರ್ಜುನ ಇಂಜಿನ್ ಸರಿ ಮಾಡಿಸಿದ್ದ. ಒಳಗಿನದು ಉಳಿದಿತ್ತು.

“ಗಂಗವ್ವಾರ, ಗೋವಾದಾಗ ಹಳೇ ಕಾರಿನವರು ಕೂಡ್ತಾರ. ಅಲ್ಲಿ ಒಂದ ಸಾಲು ಬ್ಯಾರೆ ಇರತೈತಿ. ಕಾರಿನ ಜೋಡಿ ಬಂದದ್ದ ಸಾಮಾನ ಇರಬೇಕು, ಸೀಟ ಬ್ಯಾರೆಯವರು ಬದಲ ಮಾಡಿರಬಾರದು. ಅಂಥಾವನ್ನ ಅಷ್ಟ ಆ ಸಾಲಿಗೆ ನಿಂದ್ರಸ್ತಾರ. ನಮ್ಮ ಕಾರು ಅಲ್ಲಿ ನಿಂದ್ರಬೇಕು. ಇದರಾಗಿಂದು ಒಂದೂ ಒಗೀಬ್ಯಾಡ್ರಿ. ಹುಬ್ಬಳ್ಳಿಯವರು ಎಲ್ಲಾ ಕಿತ್ತು ಹೊಸಾದು ಹಾಕತೇವಿ ಅಂದ್ರು. ಅದಕ್ಕ ನಿಮ್ಮ ಕಡೆ ಬಂದೇನಿ.”

“ಕೊಳತದ್ದು ಇದ್ರ?”

“ಕೊಳತಷ್ಟನ್ನ ಬಿಟ್ಟು ಉಳದದ್ದನ್ನ ಉಳಸ್ರಿ.”

“ಅಂಥಾ ಏನೈತಪಾ ಅದರಾಗ?”

ಅವನು ಹೇಳಿದ: “ಅಜ್ಜಗ ಅದರ ಮ್ಯಾಲ ಭಾಳ ಅಭಿಮಾನ. ಸಾಹೇಬ ಇಳದಮ್ಯಾಲೆ ಈ ಸೀಟಿಗೆ ಒಂದ ಸೂಜಿ ಬಿದ್ದಿಲ್ಲಂತ ಸಾಯೂತನಾ ಹೇಳಿದ. ನಾನೂ ಗೋವಾದವರಿಗೆ ಹಂಗ ಹೇಳೇನಿ.”

ಚರ್ಮ ನೋಡಿದೆ. ಕಡು ಕೆಂಪು ಇದ್ದದ್ದು ಕಂದು ಆಗಿತ್ತು. ಹಳೆಯ ಚರ್ಮದ ಕಷ್ಟ ಏನೆಂದರೆ, ಅದನ್ನು ಹಳೆಯ ತೂತಿನಲ್ಲೇ ಮತ್ತೆ ಹೊಲಿಯಬೇಕು. ಪಕ್ಕದಲ್ಲಿ ಹೊಸ ತೂತು ಹಾಕಿದರೆ ಕ್ಯಾಲೆಂಡರಿನ ಹಾಳೆ ಹರಿದ ಹಾಗೆ ಸಾಲಾಗಿ ಬಿಟ್ಟುಕೊಳ್ಳುತ್ತದೆ. ಮಶೀನಿಗೆ ಹಾಕುವ ಹಾಗಿಲ್ಲ, ಅದಕ್ಕೆ ಹಳೆಯ ತೂತು ಕಾಣುವುದಿಲ್ಲ. ಕೈಯಿಂದಲೇ ಆಗಬೇಕು. ಹರಿದರೆ ಬದಲಿ ಚರ್ಮ ಎಲ್ಲೂ ಇಲ್ಲ. ಅವನಿಗೆ ಅದನ್ನು ಬಾಯಿಬಿಟ್ಟು ಹೇಳಿದೆ. ಅವನು, “ನಿಮ್ಮ ಕೈಯಾಗ ಹರದ್ರ ಹರೀಲಿ” ಅಂದ. ಆ ಮಾತಿಗೆ ಒಪ್ಪಿದೆ.

ಮೊದಲು ಸುಲಭದ್ದು ಮಾಡಿದೆವು. ಬಾಗಿಲ ಒಳಹಲಗೆಯ ಚರ್ಮ ಬಿಚ್ಚಿ, ಒದ್ದೆಯಿಂದ ಉಬ್ಬಿದ ಹಲಗೆಯನ್ನು ಕಲ್ಲು ಹೇರಿ ಚಪ್ಪಟೆ ಮಾಡಿ, ಅದೇ ಚರ್ಮ ಅದೇ ಹಲಗೆಗೆ ಕೂಡ್ರಿಸಿದೆ. ಕಾಲ ಕೆಳಗಿನ ಉಣ್ಣೆಯ ಹಾಸು ತೊಳೆದು, ಇಲಿ ತಿಂದ ಜಾಗಕ್ಕೆ ಸೀಟಿನ ಕೆಳಗೆ ಮಡಚಿದ್ದ ಅದರದೇ ಅಂಚನ್ನು ಕತ್ತರಿಸಿ ಕೂಡಿಸಿದೆ. ಚರ್ಮ ಮೆತ್ತಗೆ ಮಾಡಲು ಉಸ್ತಾದರ ಹರಳೆಣ್ಣೆ ಮತ್ತು ಜೇನುಮೇಣ ತಂದಿಟ್ಟೆ. ಮಲ್ಲಿಕಾರ್ಜುನ ವಿದೇಶದಿಂದ ತರಿಸಿದ ಒಂದು ಡಬ್ಬಿ ತಂದ. ಎರಡನ್ನೂ ಕಾಣದ ಮೂಲೆಯಲ್ಲಿ ಹಚ್ಚಿ ನೋಡಿದೆವು. ನನ್ನದು ಅಂಟಂಟಾಯಿತು. ಅವನದ್ದೇ ವಾಸಿ ಇತ್ತು, ಅವನದ್ದೇ ಹಚ್ಚಿದೆ.

ಸ್ಟೇರಿಂಗ್ ಪಕ್ಕದ ಮುಂದಿನ ಹಲಗೆಯಲ್ಲಿ ಸಿಗರೇಟಿನ ಬೂದಿ ಉದುರಿಸುವ ಸಣ್ಣ ಹಿತ್ತಾಳೆ ಬಟ್ಟಲಿನ ಜಾಗ ಖಾಲಿ ಇತ್ತು. ಮಲ್ಲಿಕಾರ್ಜುನ ಅದಕ್ಕಾಗಿ ಪುಣೆ, ಮುಂಬೈ, ಇಂಗ್ಲೆಂಡಿನವರೆಗೆ ಕೇಳಿದ್ದ. ಒಂದು ದಿನ ಅಳತೆ ನೋಡಲು ಅವರ ಮನೆಗೆ ಹೋದಾಗ ಅವನ ಅಜ್ಜಿ ಪಾರ್ವತವ್ವ ಹಣೆಗೆ ಹಚ್ಚಿಕೋ ಎಂದು ವಿಭೂತಿ ಬಟ್ಟಲು ಮುಂದೆ ಹಿಡಿದರು. ಬಟ್ಟಲು ನೋಡಿದೆ, ಖಾಲಿ ಜಾಗದ ಆಕಾರ ನೆನಪಾಯಿತು. ಮೊಮ್ಮಗನನ್ನು ಕರೆದೆ. ಅವನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟ.

“ಆಯಿ, ಇದನ್ನ ದೇವರ ಖೋಲ್ಯಾಗ ಯಾಕ ಇಟ್ಟಿ?”

“ಬೂದಿ ಇಡೂದು ಅಂತ ನಿಮ್ಮಜ್ಜ ಹೇಳಿದ್ರು. ಇಟ್ಟೇನಿ.”

“ನಾ ಇದನ್ನ ಎಲ್ಲೆಲ್ಲಿ ಹುಡುಕೇನಿ ಗೊತ್ತೇನು?”

“ಮನ್ಯಾಗ ಕೇಳಿದಿ? ಇಲ್ಲ. ಕೇಳೂ ಚಟ ಅಜ್ಜಗೂ ಇರಲಿಲ್ಲ.”

ಪಾರ್ವತವ್ವ ಎಂಬತ್ತು ದಾಟಿದ ಹೆಂಗಸು, ಮೈತುಂಬಿದವರು, ನಾಲಿಗೆ ಚುರುಕು. ಕಾರು ಎಂದರೆ ಮೂಗು ಮುರಿಯುತ್ತಿದ್ದರು. ಗಂಡ ಅದರಲ್ಲಿ ಊರ ಗೌಡರನ್ನು, ಅಧಿಕಾರಿಗಳನ್ನು, ಮದುವೆಯ ಬೀಗರನ್ನು ಕೂಡ್ರಿಸಿಕೊಂಡು ತಿರುಗಿದ್ದರು. ಇವರನ್ನು ಒಂದು ದಿನವೂ ಕೂಡ್ರಿಸಿರಲಿಲ್ಲ. ಹೆಂಗಸರು ಕೂಡುವ ಗಾಡಿ ಅಲ್ಲ ಅಂತ.

ಆಮೇಲೆ ಸೀಟಿಗೆ ಕೈ ಹಾಕಿದೆ. ಬಲಗಡೆಯ ಸೀಟು, ಅಂದರೆ ಓಡಿಸುವವರದು, ಮುಂದಿನ ಅಂಚಿನ ಹೊಲಿಗೆಯುದ್ದಕ್ಕೂ ಬಿರಿದಿತ್ತು. ಫ್ಯಾಕ್ಟರಿಯ ದಾರವೇ ಚರ್ಮವನ್ನು ಕೊಯ್ದಿತ್ತು. ಎಡಗಡೆಯದು ಗಟ್ಟಿಯಾಗಿತ್ತು, ಒಂದು ಕಡೆಯೂ ಬಿಟ್ಟಿರಲಿಲ್ಲ. ಒಂದೇ ಪ್ರಾಯದ ಎರಡು ಸೀಟು, ಒಂದು ಸತ್ತಿದೆ, ಒಂದು ಬದುಕಿದೆ. ಕಾರಣ ಗೊತ್ತಾಗದೆ ಮುಂದೆ ಹೋಗಬಾರದು ಎಂದು ಎಡಗಡೆಯದನ್ನು ಬೋರಲು ಹಾಕಿ ಕೆಳಗಿನ ಗೋಣಿಪಟ್ಟಿ ಬಿಚ್ಚಿದೆ. ಮಲ್ಲಿಕಾರ್ಜುನ ಎದುರಿಗೇ ಕೂತಿದ್ದ.

ಮುಂದಿನ ಅಂಚಿನ ದಾರ ಫ್ಯಾಕ್ಟರಿಯದಲ್ಲ. ಮೇಣ ತಿಕ್ಕಿದ ಹತ್ತಿಯ ದಾರ. ಹೊಲಿಗೆ ಸಣ್ಣದು, ಒಂದೇ ಸಮನೆ, ಒಂದೊಂದೂ ಹಳೆಯ ತೂತಿನಲ್ಲೇ ಇಳಿದು ಹಳೆಯ ತೂತಿನಲ್ಲೇ ಎದ್ದಿತ್ತು. ಚರ್ಮದ ಹಿಂದೆ ಕೆಂಪು ದಡಿಯ ಇಳಕಲ್ ಸೀರೆಯ ಪಟ್ಟಿಯನ್ನು ಮಡಚಿ ಕೊಟ್ಟು, ದಾರದ ಜಗ್ಗಾಟ ಚರ್ಮಕ್ಕೆ ಬೀಳದೆ ಬಟ್ಟೆಗೆ ಬೀಳುವ ಹಾಗೆ ಮಾಡಿದ್ದರು. ಒಳಗೆ ಫ್ಯಾಕ್ಟರಿಯವರೇ ತುಂಬಿದ ಕಪ್ಪು ಕುದುರೆಕೂದಲು, ಅದರ ನಡುವೆ ಒಂದು ಹಿಡಿ ಬೂರಗದ ಅರಳೆ. ಮೂಲೆಯಲ್ಲಿ ಅದೇ ಸೀರೆಯ ದಡಿಯಲ್ಲಿ ಕಟ್ಟಿದ ಒಂದು ಸಣ್ಣ ಗಂಟು. ಬಿಚ್ಚಿದೆ. ಪುಡಿಯಾದ ಬೇವಿನ ಎಲೆ, ನಡುವೆ ಹಂಚಿನ ಚೂರಿನಂತೆ ಗಟ್ಟಿಯಾದ ರೊಟ್ಟಿ ತುಣುಕು.

ನಾನು ದಬ್ಬಣ ಕೆಳಗಿಟ್ಟೆ. ರೊಟ್ಟಿಗೆ ಇಲಿ ಬರದ ಹಾಗೆ ಬೇವು ಕಟ್ಟಬೇಕು ಎಂದು ನನಗೆ ಹೊಳೆದಿರಲಿಲ್ಲ. ಉಸ್ತಾದರಿಗೂ ಹೊಳೆದಿರಲಿಲ್ಲ.

“ತಮ್ಮಾ, ಇದು ಸಾಹೇಬನ ಊರಿನ ಹೊಲಿಗಿ ಅಲ್ಲ. ನಮ್ಮಾಕಿ ಯಾರೋ ಕೌದಿ ಹೊಲಿಯಾಕಿ ಕೈ ಇದು.”

ಅವನ ಮುಖ ಇಳಿಯಿತು. “ಆಗೂದಿಲ್ರಿ. ಅಜ್ಜ ಒಬ್ಬರಿಗೂ ಮುಟ್ಟಗೊಟ್ಟಿಲ್ಲ.”

“ರೊಟ್ಟಿ ನೋಡು.”

ಅವನು ನೋಡಲಿಲ್ಲ. ಸೀಟನ್ನೇ ನೋಡುತ್ತ ಹೇಳಿದ: “ಹಂಗಾರ ಅದನ್ನ ಬಿಚ್ಚಿಬಿಡ್ರಿ. ಸೀರಿ ತಗೀರಿ, ಅರಳಿ ತಗೀರಿ. ಕಾರಿನ ಕಾಲದ ದಾರ ತರಿಸೇನಿ, ಅದರಾಗ ಮೊದಲಿನಂಗ ಹೊಲೀರಿ. ಯಾರಿಗೂ ಗೊತ್ತಾಗೂದಿಲ್ಲ.”

“ಸೀರಿ ತಗದ್ರ ತೊಗಲು ಕೈಯಾಗ ಬರತೈತಿ. ಇದು ಉಳದದ್ದ ಆ ಸೀರಿಯಿಂದ.”

“ಸೀರಿ ಇದ್ರ ಆ ಸಾಲಿನಾಗ ನಿಂದ್ರಸೂದಿಲ್ರಿ ನಮ್ಮನ್ನ.”

“ಸಾಲು ಬೇಕೋ, ಸೀಟು ಬೇಕೋ?”

“ಎರಡೂ ಬೇಕು.”

“ಹಂಗಾರ ಬ್ಯಾರೆಯವರ ಕಡೆ ಒಯ್ಯಿ. ನಾ ಬಿಚ್ಚೂದಿಲ್ಲ.”

ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಹೇಳಿದೆ. ಅವನು ಎದ್ದು ಹೋಗಲೂ ಇಲ್ಲ, ಸೀಟು ಎತ್ತಿಕೊಳ್ಳಲೂ ಇಲ್ಲ. ಅವನ ಅಜ್ಜನ ಮಾತು ಸುಳ್ಳಾಗಿತ್ತು. ಪಾಪ, ಆ ಸುಳ್ಳನ್ನು ಇವನು ನಂಬಿ ಊರೆಲ್ಲ ಹಂಚಿದ್ದ. ಕಡೆಗೆ ನಾನೇ ಹೇಳಿದೆ, ನಡಿ, ನಿಮ್ಮ ಆಯೀನ್ನ ಕೇಳೂಣು. ಅವನು, ಆಯಿ ಆ ಕಾರಿನ ಹತ್ತಿರವೂ ಸುಳಿದವಳಲ್ಲ, ಅವಳಿಗೇನು ಗೊತ್ತು ಎಂದ. ವಿಭೂತಿ ಬಟ್ಟಲು ನೆನಪು ಮಾಡಿದೆ. ಹೊರಟ.

ಪಾರ್ವತವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಬಿಚ್ಚಿದ ಗಂಟಿನ ಬಟ್ಟೆಯನ್ನು ಮೊರದ ಮೇಲಿಟ್ಟೆ. ಅವರು ದಡಿಯ ಮೇಲೆ ಬೆರಳಾಡಿಸಿದರು.

“ಇದು ನನ್ನ ಸೀರಿ. ಎಲ್ಲಿ ಸಿಕ್ಕಿತ?”

“ಕಾರಿನ ಎಡಸೀಟಿನಾಗ್ರಿ, ಅವ್ವಾರ.”

ಅವರು ಮೊಮ್ಮಗನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಗಲು ಶುರುಮಾಡಿದರು.

“ನಿಮ್ಮಜ್ಜ ಕ್ಯಾಸಲ್‌ರಾಕಿಗೆ ಹೋಗಿದ್ರು, ರೈಲಿನ್ಯಾಗ. ಕಾರು ಅಂಗಳದಾಗ ನಿಂತಿತ್ತು, ಛತ್ತು ತಗದಿತ್ತು. ನಾ ಸಂಡಿಗಿ ಮಾಡಿದ್ದೆ. ನೆಲದ ಮ್ಯಾಲ ಹಾಕಿದ್ರ ಕೋಳಿ, ನಾಯಿ. ಸೀಟ್ ಬಿಸಲಿಗೆ ಕಾದು ಹಂಚ ಆಗಿತ್ತು. ಬಟ್ಟಿ ಹಾಸಿ ಅದರ ಮ್ಯಾಲ ಹಾಕಿದೆ. ಭಾಳ ಚಲೋ ಒಣಗತಿದ್ದುವು.”

“ಆಯಿ, ಕಾರಿನ ಸೀಟಿನ ಮ್ಯಾಲ ಸಂಡಿಗಿ?”

“ಮತ್ತ ಮಾಳಗಿ ಹತ್ತಲೇನು, ಬಸರಿದ್ದೆ. ಒಳಗ ಹೋಗಿ ಬರೂದರಾಗ ಮಂಗ್ಯಾ ಬಂದು ಎಡಸೀಟಿನಾಗ ಸಾವಕಾರರಂಗ ಕುಂತು ತಿನ್ನಾಕತ್ತಿತ್ತು. ಕೋಲ ತಗೊಂಡ ಹೋದೆ. ಅದು ಬಿಡಲಿಲ್ಲ, ಸೀಟ ಹಿಡಕೊಂಡ ಜಗ್ಗಿತು. ಮುಂದಿನ ಹೊಲಿಗಿ ಪರ್ ಅಂತ ಬಿಚ್ಚಿತು. ಒಳಗಿನ ಕೂದಲೆಲ್ಲಾ ಅಂಗಳದ ತುಂಬ.”

ಕೌದಿ ಹೊಲಿಯಲು ಕಾಡಂಚಿನ ಕೇರಿಯಿಂದ ಯಲ್ಲವ್ವ ಎಂಬಾಕೆ ಅವರ ಮನೆಗೆ ಬರುತ್ತಿದ್ದಳಂತೆ. ಆಳು ಕಳಿಸಿ ಆಕೆಯನ್ನೇ ಕರೆಸಿದರು. ಆಕೆ ಸೀಟು ತಿರುವಿ ಮುರುವಿ ನೋಡಿ, ಇದೂ ಒಂದು ಕೌದಿಯೇ ಎಂದು ಕೂತು, ಸಾಹುಕಾರರು ಸ್ಟೇಷನ್ನಿನಿಂದ ಬರುವ ಮೊದಲು ಮುಗಿಸಿ ಹೋದಳು. ಕಡಿಮೆ ಬಿದ್ದ ಕೂದಲಿಗೆ ಬೂರಗದ ಅರಳೆ ತುಂಬಿದಳು.

“ಅಜ್ಜಗ ಗೊತ್ತಾಗಲಿಲ್ಲೇನು?”

“ಸೀಟ ಮೊದಲಕಿಂತ ಮೆತ್ತಗ ಆಗೇತಿ ನೋಡು, ಚಲೋ ತೊಗಲು ಹಿಂಗ ಪಳಗತೈತಿ ಅಂದ್ರು.”

ಮಲ್ಲಿಕಾರ್ಜುನನಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಮತ್ತೆ ಸಪ್ಪಗಾಗಿ, “ಹಂಗಾರ ಇದು ಮೂಲದ್ದಲ್ಲ, ಆಯಿ” ಅಂದ.

“ತೊಗಲು ಅದ. ಸ್ಪ್ರಿಂಗ್ ಅದ. ಕುದರಿ ಕೂದಲ ಅದ. ಒಂದ ಮಂಗ್ಯಾ ಹೊಸಾದು.”

“ಯಲ್ಲವ್ವ ಈಗ ಎಲ್ಲಿ ಅದಾಳ್ರಿ?” ಎಂದು ಕೇಳಿದೆ.

“ಸತ್ತು ಭಾಳ ವರ್ಷ ಆತು. ಅಕಿ ಹೊಲದ ಕೌದಿ ಇನ್ನೂ ಹೊತ್ತಕೊಂಡ ಮಲಗತೇನಿ.”

“ಅವತ್ತ ಅಕಿಗೆ ಊಟಕ್ಕ ಏನ ಮಾಡಿದ್ರಿ?”

“ರೊಟ್ಟಿ, ಪಲ್ಯ. ಮಂಗ್ಯಾ ತಿಂದು ಬಿಟ್ಟ ಸಂಡಿಗಿ ಕರದಿದ್ದೆ.”

ಮಲ್ಲಿಕಾರ್ಜುನ ಕೈಯಲ್ಲಿದ್ದ ಜೋಳದ ಕಾಳನ್ನು ಮೊರಕ್ಕೆ ಹಾಕಿದ. ಕಡೆಗೆ ನನ್ನ ಕಡೆ ತಿರುಗಿ, ಎಡಗಡೆಯದು ಇದ್ದ ಹಾಗೇ ಇರಲಿ, ಬಲಗಡೆಯದನ್ನೂ ಹಾಗೇ ಮಾಡಿರಿ ಎಂದ. ಇಷ್ಟು ಹೇಳಲು ಅವನಿಗೆ ಕಷ್ಟವಾಯಿತು. ಅವನು ಹೇಳಿದನಲ್ಲ, ಅದಕ್ಕೆ ನಾನು ಇವತ್ತಿಗೂ ಅವನನ್ನು ನೆನೆಯುತ್ತೇನೆ. ಎಷ್ಟೋ ಗಿರಾಕಿಗಳು ಚೆಂದ ಕಾಣಲಿ ಎಂದು ಒಳ್ಳೆಯ ಸೀಟು ಹಾಳು ಮಾಡಿಸಿದ್ದನ್ನು ನೋಡಿದ್ದೇನೆ.

ಬಲಸೀಟಿಗೆ ಪಟ್ಟಿ ಬೇಕಿತ್ತು. ಪಾರ್ವತವ್ವ ತಮ್ಮ ಕೌದಿಯನ್ನೇ ತಂದು ನನ್ನ ತೊಡೆಯ ಮೇಲೆ ಹಾಕಿದರು. ಆ ಸೀರೆಯಲ್ಲಿ ಉಳಿದದ್ದೆಲ್ಲ ಅದರೊಳಗಿತ್ತು. ಕತ್ತರಿಸಲು ಕೈ ಬರಲಿಲ್ಲ. ಅವರೇ, “ಕೊಯ್ಯಿ. ಕಾಲ ಮುಚ್ಚಿದ್ರ ಸಾಕು, ಅಂಚ ಯಾಕ” ಅಂದರು. ಅಂಚಿನಿಂದ ಒಂದು ಪಟ್ಟಿ ತೆಗೆದು, ಆ ಜಾಗಕ್ಕೆ ನನ್ನ ಸೀರೆಯ ತುಂಡು ಕೂಡಿಸಿ ಕೌದಿ ಮರಳಿಸಿದೆ.

ಆಮೇಲಿನದು ಬರೀ ಕೆಲಸ. ಕಣ್ಣು ಮಂದವಾಗಿದ್ದರಿಂದ ಬೆಳಗಿನ ಬಿಸಿಲಿದ್ದಾಗ ಮಾತ್ರ ಅಂಗಡಿಯ ಕಟ್ಟೆಯ ಮೇಲೆ ಕೂತು ಹೊಲಿಯುತ್ತಿದ್ದೆ. ಬಿರಿದ ಕಡೆ ಹಿಂದಿನಿಂದ ಪಟ್ಟಿ ಕೊಟ್ಟು, ಒಂದೊಂದೇ ತೂತು ಹುಡುಕಿ, ದಾರ ಜಗ್ಗದೆ ಬರೀ ಕೂಡ್ರಿಸುತ್ತ ಹೋಗಬೇಕು. ಜಗ್ಗಿದರೆ ಮುಗಿಯಿತು. ಎಲ್ಲಿ ಗೊತ್ತಾಗದಿದ್ದರೂ ಎಡಸೀಟನ್ನು ತಿರುಗಿಸಿ ಯಲ್ಲವ್ವ ಹೇಗೆ ಮಾಡಿದ್ದಾಳೆ ನೋಡುತ್ತಿದ್ದೆ. ನನ್ನ ಕಡೆಯ ಪಾಠ ನಾನು ಕಲಿತದ್ದು ಮುಖ ನೋಡದ ಹೆಂಗಸಿನಿಂದ. ಉಸ್ತಾದರು ಬಿಚ್ಚಲು ಕಲಿಸಿರದಿದ್ದರೆ ಆಕೆಯ ಕೆಲಸ ನನಗೆ ಕಾಣುತ್ತಲೇ ಇರಲಿಲ್ಲ. ಇಬ್ಬರಿಗೂ ಕೈ ಮುಗಿಯುತ್ತೇನೆ.

ಕೊನೆಯ ಮೂಲೆ ಮುಚ್ಚುವ ದಿನ ಪಾರ್ವತವ್ವ ಬೇವಿನ ಎಲೆಯಲ್ಲಿ ಸುತ್ತಿ ಒಂದು ರೊಟ್ಟಿ ಕಳಿಸಿದರು. ಉಸ್ತಾದರು ನೆನಪಾದರು. ಅರ್ಧ ಅವರ ಪಾಲಿನದೆಂದು ನಾನು ತಿಂದೆ. ಉಳಿದರ್ಧದಲ್ಲಿ ಒಂದು ಚೂರು ಬಲಸೀಟಿಗೆ, ಒಂದು ಚೂರು ಯಲ್ಲವ್ವ ಇಟ್ಟ ಜಾಗದಲ್ಲೇ ಎಡಸೀಟಿಗೆ ಇಟ್ಟು ಮುಚ್ಚಿದೆ. ಉಸ್ತಾದರ ಕಾಯಿದೆಯಂತೆ ಎರಡು ಸೀಟಿನಲ್ಲೂ ಕೂತು ಸಕ್ಕರೆ ಕಾರ್ಖಾನೆಯ ರಸ್ತೆಯಲ್ಲಿ ಹೋಗಿ ಬಂದೆ. ನನಗೆ ಗಾಡಿ ಓಡಿಸಲು ಬಾರದು, ಬಲಸೀಟಿನಲ್ಲಿ ಕೂತಾಗ ಮಲ್ಲಿಕಾರ್ಜುನ ಕಾರನ್ನು ಹಿಂದಿನಿಂದ ನೂಕಿದ. ಹೊಲಿಗೆ ನಿಂತಿತು. ಆದರೆ ನಾನು ಒಣಕಲು, ನನ್ನ ತೂಕ ಲೆಕ್ಕಕ್ಕಿಲ್ಲ. ಗೋವಾಕ್ಕೆ ಹೋಗಿ ಬರುವ ತನಕ ಎಡಸೀಟಿನಲ್ಲಿ ಬೇರೆ ಯಾರೂ ಕೂಡಬಾರದು ಎಂದು ಅವನು ಅದರ ಮೇಲೆ ಬಟ್ಟೆ ಹೊದಿಸಿದ.

ಗೋವಾದಿಂದ ಬಂದು ನೇರ ನನ್ನ ಅಂಗಡಿಗೇ ಬಂದ. ಅಲ್ಲಿ ನೋಡುವ ಹಿರಿಯರು ಬ್ಯಾಟರಿ ಹಾಕಿ ಸೀಟಿನ ಕೆಳಗೆಲ್ಲ ನೋಡಿ, ಇದು ಯಾರ ಕೈ ಎಂದು ಕೇಳಿದರಂತೆ. ಇವನು ಸಂಡಿಗೆ, ಮಂಗ ಎಲ್ಲ ಹೇಳಿದ. ಅವರು ನಕ್ಕು, ಬೆನ್ನು ತಟ್ಟಿ, ಕಾರನ್ನು ಬೇರೆ ಸಾಲಿಗೆ ಕಳಿಸಿದರು.

“ಬ್ಯಾಸರ ಆತೇನಪಾ?”

“ಆತ್ರಿ.”

“ಸುಳ್ಳ ಹೇಳಬೇಕಿತ್ತಲ್ಲ?”

“ಹೇಳಿದ್ರ ಆಯಿ ಫೋನ್ ಹಚ್ಚಿ ಅವರಿಗೆಲ್ಲಾ ಖರೆ ಹೇಳ್ತಿದ್ಲು. ಅಷ್ಟ ನಕ್ಕಾಳ ಅಕಿ.”

ಚಹಾ ಕುಡಿದು, ಕಾರಿನ ಕಡೆ ನೋಡುತ್ತ, “ಇನ್ನ ಕಾಯೂದು ಏನೂ ಉಳದಿಲ್ಲ. ಕುಂದ್ರವರು ಕುಂದ್ರಲಿ” ಅಂದ.

ಮರುದಿನ ಅಂಗಡಿಯ ಮುಂದೆ ಹಾರ್ನ್ ಕೇಳಿತು. ಎಡಸೀಟಿನಲ್ಲಿ ಪಾರ್ವತವ್ವ ಕೂತಿದ್ದರು, ತಲೆಯ ಮೇಲೆ ಸೆರಗು, ತೊಡೆಯ ಮೇಲೆ ಕೈಚೀಲ. ಸೀಟು ತುಂಬಿ ಎರಡೂ ಕಡೆ ಸ್ವಲ್ಪ ಹೊರಗೆ ಬಂದಿದ್ದರು. ನಾನು ಅವರ ಮುಖ ನೋಡಲಿಲ್ಲ, ಬಗ್ಗಿ ಮುಂದಿನ ಅಂಚಿನ ಹೊಲಿಗೆಯನ್ನೇ ನೋಡಿದೆ.

“ಹೆಂಗ ಐತ್ರಿ ಅವ್ವಾರ?”

ಅವರು ಒಮ್ಮೆ ಅತ್ತ, ಒಮ್ಮೆ ಇತ್ತ ಒರಗಿ ನೋಡಿದರು. “ಮೆತ್ತಗ ಐತಿ. ಊರಾಗಿನ ದೊಡ್ಡ ಮಂದಿ ಎಲ್ಲಾರೂ ಕುಂತ್ರು. ಮಂಗ್ಯಾ ಸೈತ ಕುಂತಿತು. ಕಡೀಕ ನನ್ನ ಪಾಳಿ ಬಂತ ನೋಡು.”

ಮೊಮ್ಮಗ ಗೇರ್ ಹಾಕಿದ. ಕಾರು ಬಸ್ ಸ್ಟ್ಯಾಂಡಿನ ಕಡೆ ಹೊರಟಿತು. ಅಂಗಡಿಯ ಮುಂದಿನ ಗುಂಡಿಯಲ್ಲಿ ಇಳಿದು ಎದ್ದಾಗ ಪಾರ್ವತವ್ವನ ಪೂರ್ತಿ ಭಾರ ಸೀಟಿನ ಮೇಲೆ ದಬ್ ಎಂದು ಬಿತ್ತು. ನಾನು ಕಿವಿಗೊಟ್ಟು ನಿಂತೆ. ಒಂದು ದಾರವೂ ಬಿಡಲಿಲ್ಲ.